ಗುಜರಿಗೆ ಹಾಕುವ ಮುನ್ನ: ಬಿಸಿಗಾಳಿ ಎಂಜಿನ್‌ನ ಕಥೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)





ಭಾಷೆ ಕಲಿಸುವ ಮೇಷ್ಟ್ರು ಎಂಜಿನ್ ಬಗ್ಗೆ ಏಕೆ ಮಾತನಾಡುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ನಮ್ಮ ನಾನಾ ಅವರ ಗುಜರಿ ಅಂಗಡಿ.

ನಾನು ಆಗ ಐದನೇ ತರಗತಿ. ರಜೆಯಲ್ಲಿ ಬಾಣಾವರದಿಂದ ಅರಸೀಕೆರೆಗೆ ಹೋಗಿದ್ದೆ. ಒಂದು ದಿನ ಹಳೆಯ ಬಂಗಲೆಯೊಂದರ ಸಾಮಾನಿನ ಜೊತೆ ಒಂದು ಫ್ಯಾನ್ ಬಂತು. ಹಿತ್ತಾಳೆಯ ರೆಕ್ಕೆ, ಎರಕದ ಕಬ್ಬಿಣದ ಕಾಲು. ಆದರೆ ವೈರೂ ಇಲ್ಲ, ಪ್ಲಗ್ಗೂ ಇಲ್ಲ. ಕೆಳಗೆ ದೀಪ ಇಡುವಷ್ಟು ಜಾಗ. "ನಾನಾ, ಇದು ಹೇಗೆ ತಿರುಗುತ್ತೆ?" ಎಂದೆ. "ಸೀಮೆಎಣ್ಣೆ ಫ್ಯಾನು ಬೇಟಾ, ದೀಪ ಹಚ್ಚಿದರೆ ತಿರುಗುತ್ತೆ" ಎಂದರು. ನಾನು ನಂಬಲಿಲ್ಲ. ಸಂಜೆಯೊಳಗೆ ಸುತ್ತಿಗೆ ಬಿದ್ದು, ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ತೂಕಕ್ಕೆ ಹೋಯಿತು.

ಬಿ.ಎಡ್. ಓದುವಾಗ ಗ್ರಂಥಾಲಯದ ಒಂದು ಪುಸ್ತಕದಲ್ಲಿ ಅಂಥದೇ ಚಿತ್ರ ಕಂಡಾಗ ಎದೆ ಧಸಕ್ಕೆಂದಿತು. ಅದು ಬಿಸಿಗಾಳಿ ಎಂಜಿನ್.

1816ರಲ್ಲಿ ಸ್ಕಾಟ್‌ಲೆಂಡಿನ 25 ವರ್ಷದ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ ಇದಕ್ಕೆ ಪೇಟೆಂಟ್ ಪಡೆದರು. ಆ ಕಾಲದ ಉಗಿ ಎಂಜಿನ್‌ಗಳ ಬಾಯ್ಲರ್ ಸಿಡಿದು ಜನ ಸಾಯುತ್ತಿದ್ದರು. ಸ್ಟರ್ಲಿಂಗ್ ಎಂಜಿನ್‌ಗೆ ಬಾಯ್ಲರೇ ಬೇಡ. ಮುಚ್ಚಿದ ಸಿಲಿಂಡರಿನ ಒಂದು ತುದಿಗೆ ಬೆಂಕಿ, ಇನ್ನೊಂದು ತುದಿ ತಂಪು. ಒಳಗಿನ ಗಾಳಿ ಕಾದಾಗ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ, ತಣಿದಾಗ ಕುಗ್ಗುತ್ತದೆ. ಗಾಳಿಯನ್ನು ಬಿಸಿ ಕಡೆಯಿಂದ ತಂಪು ಕಡೆಗೆ, ಅಲ್ಲಿಂದ ಮತ್ತೆ ಬಿಸಿ ಕಡೆಗೆ ಸಾಗಿಸಲು ಒಳಗೆ ಇನ್ನೊಂದು ಸಡಿಲವಾದ ಪಿಸ್ಟನ್ ಓಡಾಡುತ್ತದೆ. ಸೌದೆ, ಇದ್ದಿಲು, ಸೀಮೆಎಣ್ಣೆ, ಬಿಸಿಲು, ಯಾವ ಶಾಖವಾದರೂ ಸರಿ.

1843ರಲ್ಲಿ ಡಂಡೀ ಊರಿನ ಎರಕದ ಕಾರ್ಖಾನೆಯಲ್ಲಿ ಸ್ಟರ್ಲಿಂಗ್ ಸಹೋದರರ ದೊಡ್ಡ ಎಂಜಿನ್ ಕೆಲಸಕ್ಕೆ ನಿಂತಿತು. ಆದರೆ ಬೆಂಕಿ ತಗಲುವ ತಳ ಮತ್ತೆ ಮತ್ತೆ ಸುಟ್ಟುಹೋಗಿ, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಸೋತದ್ದು ವಿಚಾರವಲ್ಲ, ಅಂದಿನ ಕಬ್ಬಿಣ.

ದೊಡ್ಡ ಕೆಲಸಕ್ಕೆ ಉಗಿ ಗೆದ್ದರೂ, ಸಣ್ಣ ಕೆಲಸಕ್ಕೆ ಬಿಸಿಗಾಳಿ ಉಳಿಯಿತು. ನೀರೆತ್ತಲು, ಫ್ಯಾನ್ ತಿರುಗಿಸಲು ಬಂತು. ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗೆ ತಲುಪಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ 1905ರಲ್ಲಿ. ನಮ್ಮಂಥ ಊರುಗಳು ಬಹಳ ಕಾಲ ಕಾಯಬೇಕಾಯಿತು. ಕರೆಂಟ್ ಇಲ್ಲದ ಭಾರತದ ಬಂಗಲೆಗಳಿಗೆ ಬಂದದ್ದೇ ಈ ಸೀಮೆಎಣ್ಣೆ ಫ್ಯಾನ್.

ಈ ವಿದ್ಯೆ ಇಂದಿಗೂ ಸತ್ತಿಲ್ಲ. ಸ್ವೀಡನ್ನಿನ ಗಾಟ್‌ಲೆಂಡ್ ಜಲಾಂತರ್ಗಾಮಿಗಳಲ್ಲಿ ಸ್ಟರ್ಲಿಂಗ್ ಎಂಜಿನ್ ಇದೆ. ಫಿಲಿಪ್ಸ್ ಕಂಪನಿ ರೇಡಿಯೋಗೆ ವಿದ್ಯುತ್ ಕೊಡಲೆಂದು 1950ರ ಆಸುಪಾಸಿನಲ್ಲಿ ಇಂಥ ಸುಮಾರು 150 ಜನರೇಟರುಗಳನ್ನು ತಯಾರಿಸಿತು. ಅವು ವ್ಯಾಪಾರದಲ್ಲಿ ಗೆಲ್ಲಲಿಲ್ಲ, ಕಾಲೇಜುಗಳ ಪ್ರಯೋಗಾಲಯ ಸೇರಿದವು. ಇಂದು ಸಂಗ್ರಹಕಾರರು ಅವನ್ನು ಹುಡುಕಿ ಕಾಪಾಡುತ್ತಾರೆ.

ನಮ್ಮ ನಾಡಿನಲ್ಲೂ ಹಳೆಯ ಯಂತ್ರಗಳಿಗೆ ಆಶ್ರಯ ಇದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಎಂಜಿನ್‌ಗಳಿಗೇ ಒಂದು ವಿಭಾಗವಿದೆ. ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ. ಧರ್ಮಸ್ಥಳದ ಮಂಜೂಷಾದಲ್ಲಿ ಹಳೆಯ ವಸ್ತುಗಳ ರಾಶಿಯೇ ಇದೆ. ಆದರೆ ವಸ್ತು ಅಲ್ಲಿಗೆ ತಲುಪುವ ಮೊದಲು ಅದನ್ನು ಯಾರು ನೋಡುತ್ತಾರೆ? ಗುಜರಿಯವರು, ಗ್ಯಾರೇಜಿನವರು, ವೆಲ್ಡಿಂಗ್ ಅಂಗಡಿಯವರು. ಅಂದರೆ ನಮ್ಮಲ್ಲಿ ಅನೇಕರ ಅಪ್ಪ, ಮಾಮು, ಚಾಚಾ. ಅವರ ಕೈಯಲ್ಲಿರುವ ಉಸ್ತಾದಿಕೆ ಯಾವ ಪದವಿಗೂ ಕಡಿಮೆಯಲ್ಲ.

ನಾನು ನಾನಾ ಅವರನ್ನು ದೂರುತ್ತಿಲ್ಲ. ಆ ತಕ್ಕಡಿಯಿಂದಲೇ ಏಳು ಮಕ್ಕಳ ಹೊಟ್ಟೆ ತುಂಬಿತು. ಆದರೆ ಅವರಿಗೆ ಆ ಫ್ಯಾನ್ ಏನೆಂದು ಗೊತ್ತಿತ್ತು, ಅದರ ಬೆಲೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವರು ಓದಿದ ನಾವು.

ಆದ್ದರಿಂದ ನನ್ನದು ಕೆಲವೇ ಮಾತು. ವಿಚಿತ್ರವಾದ ಹಳೆಯ ಯಂತ್ರ ಬಂದರೆ ಸುತ್ತಿಗೆ ಎತ್ತುವ ಮೊದಲು ಹೆಸರಿನ ಫಲಕ ಹುಡುಕಿ, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಹೊಳಪು ಬರಲೆಂದು ಉಜ್ಜಬೇಡಿ, ಹೊಸ ಬಣ್ಣ ಬಳಿಯಬೇಡಿ. ಬಿಚ್ಚಿದ ಒಂದು ಸ್ಕ್ರೂ ಕೂಡ ಕಳೆಯಬೇಡಿ. ಓಡುತ್ತದೆಯೋ ನೋಡೋಣವೆಂದು ಜೋರಾಗಿ ಬೆಂಕಿ ಕೊಟ್ಟರೆ ಹಳೆಯ ಎರಕ ಬಿರುಕು ಬಿಡುತ್ತದೆ. ನೆನಪಿಡಿ, 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ವಿಜ್ಞಾನ, ಕಲೆ, ಕಸುಬನ್ನು ತೋರಿಸುವ ನೂರು ವರ್ಷ ದಾಟಿದ ವಸ್ತುವೂ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಆಮೇಲೆ ಒಬ್ಬ ಶಿಕ್ಷಕರಿಗೆ ಫೋನ್ ಮಾಡಿ. ಯಾರೂ ಸಿಗದಿದ್ದರೆ ನನಗೇ ಹೇಳಿ ಕಳುಹಿಸಿ, ಸೈಕಲ್ ಹತ್ತಿ ಬರುತ್ತೇನೆ. ಆ ದಿನ ನಾನಾ ದೀಪ ಹಚ್ಚಿ ತೋರಿಸಿದ್ದರೆ ಆ ಫ್ಯಾನ್ ತಿರುಗುತ್ತಿತ್ತೋ ಏನೋ. ಇನ್ನೊಂದು ಮಗುವಾದರೂ ಅದು ತಿರುಗುವುದನ್ನು ನೋಡಲಿ.