ಮೈಸೂರಿನ ಗಾಡಿ, ಹೈದರಾಬಾದಿನ ಬಿಸಿಲು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೆ ಯಂತ್ರದ ಮಾತೇಕೆ ಎಂದು ತಾವು ಕೇಳಬಹುದು. ಮೈಸೂರಿನಿಂದ ಬಂದ ಜಾವಾ, ಯೆಜ್ದಿ ಮೋಟಾರ್ ಸೈಕಲ್ಲುಗಳು ನಮ್ಮವರ ಕೆಲವು ಮನೆಗಳಲ್ಲಿ ಇನ್ನೂ ಓಡುತ್ತಿವೆ. ನಮ್ಮ ತಂದೆಯವರು ಬಿಟ್ಟುಹೋದ ಜಾವಾವನ್ನು ಈಗ ಅಕ್ಕನ ಮಗ ಕಾಲೇಜಿಗೆ ಒಯ್ಯುತ್ತಾನೆ. ಆದ್ದರಿಂದ ಈ ವಿಚಾರ ನನಗೆ ಬರಿಯ ಕುತೂಹಲದ್ದಲ್ಲ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಈ ಗಾಡಿಗಳನ್ನು ತಯಾರಿಸತೊಡಗಿತು. ವಿನ್ಯಾಸ ಜೆಕೊಸ್ಲೊವಾಕಿಯದ್ದು, ಕೈಕೆಲಸ ನಮ್ಮವರದು. 1996ರಲ್ಲಿ ಅದು ಮುಚ್ಚಿತು. 2018ರಲ್ಲಿ ಜಾವಾ ಹೆಸರಿನಲ್ಲಿ ಬಂದ ಹೊಸ ಗಾಡಿಗಳ ಎಂಜಿನ್ ದ್ರವದಿಂದ ತಣಿಯುವಂಥದು. ಹಳೆಯದಕ್ಕೆ ಗಾಳಿಯೊಂದೇ ಗತಿ.

ಹಳೆಯ ಎಂಜಿನ್ನಿನ ಸಿಲಿಂಡರು ಎರಕದ ಕಬ್ಬಿಣದ್ದು, ಒಳಗೆ ಆಡುವ ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. 250 ಸಿ.ಸಿ. ಜಾವಾದ ಸಿಲಿಂಡರಿನ ಒಳಗಿನ ಅಗಲ 65 ಮಿಲಿಮೀಟರ್. ಎರಡೂ 100 ಡಿಗ್ರಿ ಏರಿದವೆನ್ನಿ: ಸಿಲಿಂಡರು 0.07 ಮಿಲಿಮೀಟರ್ ಹಿಗ್ಗಿದರೆ ಪಿಸ್ಟನ್ 0.14 ಹಿಗ್ಗುತ್ತದೆ. ಅಂದರೆ ತಲೆಗೂದಲಿನ ದಪ್ಪದಷ್ಟು ಸಂದು ಮಾಯವಾಯಿತು! ವಾಸ್ತವದಲ್ಲಿ ಪಿಸ್ಟನ್ನಿನ ನೆತ್ತಿ ಸಿಲಿಂಡರಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅದಕ್ಕೇ ನೆತ್ತಿಯ ಭಾಗವನ್ನು ಕೆಳಭಾಗಕ್ಕಿಂತ ತುಸು ಸಪೂರ ಮಾಡಿರುತ್ತಾರೆ. ಊರಿನ ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಗಾಡಿಯ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಗಾಡಿಯ ಸಿಲಿಂಡರನ್ನು ಒಂದು ವರ್ಕ್‌ಷಾಪಿನಲ್ಲಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆವು. ಅಳತೆ ನೋಡಿದರು, ಸ್ಟ್ಯಾಂಡಿನ ಮೇಲೆ ಹತ್ತು ನಿಮಿಷ ಓಡಿಸಿದರು, ಬಿಲ್ಲು ಕೊಟ್ಟರು. ಮೂರನೆಯ ದಿನ ಮಧ್ಯಾಹ್ನ ಬಂಜಾರಾ ಹಿಲ್ಸಿನ ಏರಿನಲ್ಲಿ, ವಾಹನಗಳ ನಡುವೆ ನಿಂತು ನಿಂತು ಏರುವಾಗ ಎಂಜಿನ್ ಕಚ್ಚಿಕೊಂಡಿತು. ಹಿಂದಿನ ಚಕ್ರ ಸುತ್ತದಾಯಿತು. ಹುಡುಗ ಬಿದ್ದ. ಹಿಂದೆ ಬಸ್ಸಿತ್ತು. ಅದರ ಚಾಲಕ ಬ್ರೇಕ್ ಹಾಕಿದ ಪುಣ್ಯದಿಂದ ಮೊಣಕಾಲು ತರಚಿದ್ದಷ್ಟೇ.

ಆಮೇಲೆ ಕಲಬುರ್ಗಿ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯವರ ಬಳಿ ಒಯ್ದೆ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೇಲೆ ನಾಲ್ಕು ಕಡೆ ಉದ್ದುದ್ದ ಗೀರುಗಳು. “ನಿಂತ ಗಾಡಿ ಏನ್ ಹೇಳ್ತದ್ರಿ? ಬಿಸಿಲಾಗ ಓಡಿಸಿ ಕೇಳ್ಬೇಕು” ಎಂದರು. ಎಷ್ಟು ಸರಿಯಾದ ಮಾತು! ಸ್ಟ್ಯಾಂಡಿನ ಮೇಲೆ ಗಾಳಿಯಿಲ್ಲ, ಆದರೆ ಭಾರವೂ ಇಲ್ಲ. ಏರಿನಲ್ಲಿ ಭಾರ ಪೂರ್ಣ, ವೇಗ ಕಡಿಮೆ. ರೆಕ್ಕೆಗಳಿಗೆ ಗಾಳಿ ತಾಕುವುದಿಲ್ಲ. ನಮ್ಮವರು ಇಲ್ಲಿಯ 40 ಡಿಗ್ರಿ ಬಿಸಿಲನ್ನೇ ದೂರುತ್ತಾರೆ. ನನ್ನೆಣಿಕೆಯಲ್ಲಿ ಸಿಗ್ನಲ್ಲಿನ ಕಾಯುವಿಕೆ ಅದಕ್ಕಿಂತ ಕೆಟ್ಟದ್ದು.

ಮೇಸ್ತ್ರಿಯವರು ಸಿಲಿಂಡರನ್ನು ಉಜ್ಜಿ ಸಂದನ್ನು ತುಸು ಹೆಚ್ಚಿಸಿ ಹೊಸ ಪಿಸ್ಟನ್ ಜೋಡಿಸಿದರು. ಮೊದಲ ದಿನ ಮುಂಜಾನೆಯ ತಂಪಿನಲ್ಲಿ ನಿಧಾನವಾಗಿ ಓಡಿಸಿ, ಪೂರ್ತಿ ತಣಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೆ ಬಿಗಿದರು. ಮರುದಿನ ನಡುಹಗಲು. ಮೂರನೆಯ ದಿನ ಹಿಂದೆ ನನ್ನನ್ನೇ ಕೂರಿಸಿಕೊಂಡು ಏರು. ಪ್ರತಿ ಸಲವೂ ಪ್ಲಗ್ ಬಿಚ್ಚಿ ಬಣ್ಣ ನೋಡುವರು: ಕಾಫಿಪುಡಿಯ ಕಂದು ಸರಿ, ಬಿಳುಪು ಕಂಡರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಮೂರು ದಿನದ ಕೂಲಿ ಕೊಟ್ಟೆ; ದುಬಾರಿ ಎನಿಸಲಿಲ್ಲ.

ಇಂಥ ಗಾಡಿಯುಳ್ಳವರಲ್ಲಿ ಒಂದು ವಿನಂತಿ. ಇಳಿಜಾರಿನಲ್ಲಿ ಬಹಳ ಹೊತ್ತು ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನ್ ಸುತ್ತಿಸಬೇಡಿ. ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ. ಏರಿನಲ್ಲಿ ಎಂಜಿನ್ನಿನ ದನಿ ಬಿಗಿದು ವೇಗ ತಾನಾಗಿ ಕುಗ್ಗಿದರೆ ಆ ಕ್ಷಣವೇ ಕ್ಲಚ್ ಹಿಡಿದು ಪಕ್ಕಕ್ಕೆ ಬನ್ನಿ. ನೆರಳಿನಲ್ಲಿ ತಾನಾಗಿ ತಣಿಯಲಿ. ನೀರು ಮಾತ್ರ ಹೊಯ್ಯಬೇಡಿ. ಹೊರಗಿನ ಕಬ್ಬಿಣ ಮೊದಲು ಕುಗ್ಗಿ ಒಳಗಿನ ಪಿಸ್ಟನ್ನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಬಿಡುತ್ತದೆ.