ನೀರಿನ ಕಾವಲಿಗೆ ವೈರಾಣು



ವೈರಾಣುವೆಂದೊಡನೆ ನೆನಪಾಗುವುದು ರೋಗ. ಆದರೆ ವೈರಾಣುವನ್ನು ದುಡಿಸಿಕೊಳ್ಳುವುದು ಬೆಳಗಾವಿಗೆ ಹೊಸದಲ್ಲ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಇಂದು ಮರಗಳ ನೆರಳಿಗಾಗಿ ಪರಿಚಿತ. ಅಲ್ಲಿಯ ಲಸಿಕಾ ಸಂಸ್ಥೆಯಲ್ಲಿ ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆ ಲಸಿಕೆಯ ಸಾರವೂ ಜೀವಂತ ವೈರಾಣುವೇ. ಈಗ ಪ್ರಯೋಗಾಲಯಗಳಲ್ಲಿ ಇನ್ನೊಂದು ಜಾತಿಯ ವೈರಾಣುವಿಗೆ ನೀರು ಕಾಯುವ ಕೆಲಸವನ್ನು ಕಲಿಸಲಾಗುತ್ತಿದೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತದೆ. ಮಳೆಗಾಲದಲ್ಲಿ ಮಲೆಯ ನೀರು ಕೊಟ್ಟಿಗೆ, ಬಯಲುಗಳನ್ನು ತೊಳೆದುಕೊಂಡೇ ಹಳ್ಳಕ್ಕೂ ಬಾವಿಗೂ ಇಳಿಯುತ್ತದೆ. ನೀರಿಗೆ ಮಲ ಸೇರಿದೆಯೆಂಬುದರ ಗುರುತು ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಅದು ಒಂದೂ ಕಾಣಬಾರದು. ಪತ್ತೆಗೆ ಹಳ್ಳಿಗಳಲ್ಲಿ ಬಳಕೆಯಲ್ಲಿರುವುದು, ಕೆಟ್ಟ ನೀರು ಹಾಕಿದರೆ ಕಪ್ಪಾಗುವ ಚಿಕ್ಕ ಶೀಶೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನವಿದು. ಅಗ್ಗ, ಸರಳ, ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಅದನ್ನು ಬೆಚ್ಚಗಿಟ್ಟು 24ರಿಂದ 48 ಗಂಟೆ ಕಾಯುವುದು ವಾಡಿಕೆ. (ಆಷಾಢದ ಕಣಕುಂಬಿಯಲ್ಲಿ ಬೆಚ್ಚಗಿನ ಮೂಲೆ ಸಿಕ್ಕುವುದೂ ಸುಲಭವಲ್ಲ.) ಶೀಶೆ ಕಪ್ಪಾಗುವ ಹೊತ್ತಿಗೆ ಮನೆಮಂದಿಯೆಲ್ಲ ಆ ನೀರನ್ನು ಕುಡಿದಾಗಿರುತ್ತದೆ.

ಈ ಅವಧಿಯನ್ನು ಕೆಲವೇ ಗಂಟೆಗಳಿಗೆ ಇಳಿಸುವುದು ಹೊಸ ಸಂವೇದಕದ ಗುರಿ. ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿಯುವ ವೈರಾಣುಗಳಿಗೆ ಫೇಜ್ ಎಂದು ಹೆಸರು. ಮನುಷ್ಯನಿಗೆ ಅವು ಸೋಂಕು ತಗಲಿಸವು. ಫೇಜ್‌ನ ಹೊದಿಕೆಯ ಮೇಲೆ ಬೇಕಾದ ಪ್ರೋಟೀನ್ ತುಣುಕನ್ನು ಮೂಡಿಸಬಹುದೆಂದು ಜಾರ್ಜ್ ಸ್ಮಿತ್ 1985ರಲ್ಲಿ ತೋರಿಸಿದರು. 2018ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೆ ಪಾಲು ದೊರೆಯಿತು. ಹೀಗೆ ತಿದ್ದಿದ ಫೇಜ್ ಚಿನ್ನದ ನ್ಯಾನೋಕಣಗಳನ್ನೂ ಹಿಡಿದುಕೊಳ್ಳಬಲ್ಲುದು. ಇ. ಕೋಲಿಯನ್ನು ಹುಡುಕಲು ಟಿ7 ಎಂಬ ಫೇಜ್‌ಗೆ ಒಂದು ಕಿಣ್ವದ ವಂಶವಾಹಿಯನ್ನು ಸೇರಿಸುತ್ತಾರೆ. ಅದು ಬ್ಯಾಕ್ಟೀರಿಯಾದೊಳಗೆ ಹೊಕ್ಕು, ಆ ಕಿಣ್ವವನ್ನು ಅದರಿಂದಲೇ ಮಾಡಿಸಿ, ಕೊನೆಗೆ ಅದನ್ನು ಒಡೆಯುತ್ತದೆ. ಹೊರಬಂದ ಕಿಣ್ವವು ನೀರಿಗೆ ಬೆರೆಸಿದ ರಾಸಾಯನಿಕವನ್ನು ಸೀಳಿದಾಗ ಎಲೆಕ್ಟ್ರೋಡಿನಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ. ಸಕ್ಕರೆ ಕಾಯಿಲೆಯವರು ಬೆರಳಿನ ರಕ್ತವನ್ನು ಅಳೆಯುವ ಪಟ್ಟಿಯ ತತ್ತ್ವವೂ ಇದೇ. ಎಲೆಕ್ಟ್ರೋಡಿಗೆ ಲೇಪಿಸಿದ ಚಿನ್ನದ ಕಣಗಳು ಅದರ ಮೈಯನ್ನು ಹಿಗ್ಗಿಸಿ ಕ್ಷೀಣ ಸಂಕೇತವನ್ನು ಬಲಪಡಿಸುತ್ತವೆ. ಸತ್ತ ಬ್ಯಾಕ್ಟೀರಿಯಾ ಕಿಣ್ವವನ್ನು ಮಾಡಲಾರದು. ಆದ್ದರಿಂದ ಬದುಕಿರುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ತೊಡಕುಗಳೂ ಇವೆ. ಶ್ರಾವಣದ ಕೆನ್ನೀರು ಪ್ರಯೋಗಾಲಯದ ನೀರಲ್ಲ. ಅದರ ಮಣ್ಣು ಎಲೆಕ್ಟ್ರೋಡನ್ನು ಮುಚ್ಚಬಹುದು. 100 ಮಿಲಿಲೀಟರಿನಲ್ಲಿ ಒಂದೇ ಬ್ಯಾಕ್ಟೀರಿಯಾ ಇದ್ದರೆ ಮೊದಲು ಸೋಸಿ ಒಟ್ಟುಗೂಡಿಸಬೇಕು. ಅದಕ್ಕಿಂತ ಗಂಭೀರವಾದುದು ಬಳಸಿ ಎಸೆದ ಪಟ್ಟಿಯ ಪ್ರಶ್ನೆ. ಚಿನ್ನ ಬಹುಮಟ್ಟಿಗೆ ನಿರುಪದ್ರವಿ. ಅಗ್ಗವೆಂದು ಬೆಳ್ಳಿಯ ಕಣಗಳನ್ನು ಬಳಸಿದರೆ ಅವು ಹಳ್ಳದ ಸೂಕ್ಷ್ಮಜೀವಿಗಳಿಗೆ ವಿಷ. ವಂಶವಾಹಿ ತಿದ್ದಿದ ಜೀವಾಣುಗಳ ಬಳಕೆಗೆ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರ ನಿಯಮಗಳಿವೆ. ಇಂಥ ಪಟ್ಟಿ ಖಾನಾಪುರದ ಪಂಚಾಯಿತಿಗಳಿಗೆ ಬರುವ ದಿನ, ಬಳಸಿದ್ದನ್ನು ಯಾರು ಮರಳಿ ಪಡೆಯುತ್ತಾರೆ, ಎಲ್ಲಿ ಸುಡುತ್ತಾರೆ ಎಂಬುದನ್ನು ಗ್ರಾಮಸಭೆಯಲ್ಲಿ ಬರಹದಲ್ಲೇ ಕೇಳಿ ಪಡೆಯಬೇಕು.