ಇಂಜಿನ್ನಿನೊಳಗಿನ ಸುಣ್ಣ ತೆಗೆಯುವ ಕ್ರಮ
(ಚಂದಾಪುರದಲ್ಲಿ ರೈತರಿಗೆ ಮಾಡಿದ ಭಾಷಣ)



ಶಹಾಬಾದಿನ ಫರ್ಸಿಗೂ ವಾಡಿ, ಸೇಡಂಗಳ ಸಿಮೆಂಟಿಗೂ ಮೂಲ ಈ ಭಾಗದ ಸುಣ್ಣಕಲ್ಲು. ಅದೇ ಸುಣ್ಣ ಬಾವಿಯ ನೀರಿನಲ್ಲೂ ಕರಗಿರುತ್ತದೆ. ನೀರು ಕಾದಾಗ ಅದು ಬೇರ್ಪಟ್ಟು ಹಂಡೆಯ ಒಳಗೆ ಬಿಳಿಯ ಪದರಾಗಿ ಕೂರುವುದನ್ನು ನೀವೆಲ್ಲ ಬಲ್ಲಿರಿ. ಡೀಸೆಲ್ ಪಂಪ್‌ಸೆಟ್ಟಿನ ಇಂಜಿನ್ನನ್ನು ತಂಪಾಗಿಡುವ ವಾಟರ್ ಜಾಕೆಟ್ಟಿನಲ್ಲಿಯೂ ಹೀಗೆಯೇ ಆಗುತ್ತದೆ. ಈ ಪದರು ಶಾಖವನ್ನು ಹೊರಕ್ಕೆ ಬಿಡದು. ಇಂಜಿನ್ ಅತಿಯಾಗಿ ಕಾದು ಗ್ಯಾಸ್ಕೆಟ್ ಸುಡುತ್ತದೆ, ಹೆಡ್ ಬಿರಿಯುತ್ತದೆ.

ಹೊರಬರುವ ನೀರಿನ ಧಾರೆ ಸಣ್ಣದಾಗಿ, ಬಲು ಬಿಸಿಯಾಗಿದ್ದರೆ ಮೊದಲು ಕೊಳವೆಯಲ್ಲಿ ಕೆಸರು ಕಟ್ಟಿದೆಯೇ ನೋಡಿರಿ. ಇಲ್ಲವಾದರೆ ಅದು ಸುಣ್ಣದ ಕೆಲಸ.

ಹಲವರು ಬ್ಯಾಟರಿ ಆಸಿಡ್ ಸುರಿಯುತ್ತಾರೆ. ಇದು ತಪ್ಪು. ಸುಣ್ಣ ಜಿಪ್ಸಂ ಆಗಿ ಅಲ್ಲಿಯೇ ಉಳಿಯುತ್ತದೆ. ಕಕ್ಕಸು ತೊಳೆಯುವ ಆಸಿಡ್ ಸುಣ್ಣದೊಡನೆ ಕಬ್ಬಿಣವನ್ನೂ ತಿನ್ನುತ್ತದೆ, ಅಲ್ಯೂಮಿನಿಯಂ ಭಾಗವನ್ನಂತೂ ಬಿಡದು. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಇವೆರಡಕ್ಕಿಂತ ಸೌಮ್ಯ.

ಮಾಡುವ ಕ್ರಮ ಹೀಗೆ:

1. ಇಂಜಿನ್ ಪೂರ್ತಿ ಆರಲಿ. ಕಾದ ಇಂಜಿನ್ನಿಗೆ ತಣ್ಣೀರು ಹಾಕಬೇಡಿರಿ. ಜಾಕೆಟ್ಟಿನ ನೀರು ಬಸಿಯಿರಿ.
2. ಕನ್ನಡಕ, ರಬ್ಬರ್ ಕೈಚೀಲ ಧರಿಸಿರಿ. ಪ್ಲಾಸ್ಟಿಕ್ ಬಕೆಟ್ಟಿನ 5 ಲೀಟರ್ ಉಗುರುಬೆಚ್ಚಗಿನ ನೀರಿಗೆ 250 ಗ್ರಾಂ ನಿಂಬೆ ಉಪ್ಪು ಕರಗಿಸಿರಿ.
3. ಕೆಳಗಿನ ಕೊಳವೆಯ ಬಾಯಿಗೆ ಬಿರಡೆ ಹಾಕಿ, ಮೇಲಿನ ಬಾಯಿಯಿಂದ ದ್ರಾವಣವನ್ನು ನಿಧಾನವಾಗಿ ತುಂಬಿರಿ. ಮೇಲಿನ ಬಾಯಿ ತೆರೆದೇ ಇರಲಿ.
4. ಗುಳ್ಳೆ ನಿಂತ ಮೇಲೆ ಬಸಿಯಿರಿ. ಪದರು ದಪ್ಪವಿದ್ದರೆ ಹೊಸ ದ್ರಾವಣದಿಂದ ಇನ್ನೊಮ್ಮೆ ಮಾಡಿರಿ.
5. ಪೂರ್ತಿ ಬಸಿದ ನಂತರವೇ, 5 ಲೀಟರ್ ನೀರಿಗೆ 50 ಗ್ರಾಂ ಅಡಿಗೆ ಸೋಡಾ ಬೆರೆಸಿ ತೊಳೆಯಿರಿ. ಆಮೇಲೆ ಮೂರು ಬಾರಿ ಶುದ್ಧ ನೀರು ಹಾಯಿಸಿರಿ.

ಮೇಲಿನ ಬಾಯಿ ತೆರೆದಿರಲಿ ಎಂದು ಒತ್ತಿ ಹೇಳಲು ಕಾರಣವಿದೆ. ಸುಣ್ಣ ಕರಗುವಾಗ ಇಂಗಾಲಾಮ್ಲ ಅನಿಲ ಏಳುತ್ತದೆ. ಒಮ್ಮೆ ನಾನೇ ಅವಸರದಲ್ಲಿ ಎರಡೂ ಬಾಯಿ ಮುಚ್ಚಿಬಿಟ್ಟೆ. ಬಿರಡೆ ಹಾರಿ ದ್ರಾವಣ ಮುಖಕ್ಕೆ ಚಿಮ್ಮಿತು. ಕನ್ನಡಕವಿದ್ದುದರಿಂದ ಕಣ್ಣು ಉಳಿಯಿತು.

ಕಣ್ಣಿಗೆ ಬಿದ್ದರೆ ಸೋಡಾ ಹಾಕಬೇಡಿರಿ. ಕಾಲು ಗಂಟೆ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿರಿ. ಯಾವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯೊಡನೆ ಬೆರೆಸಬೇಡಿರಿ, ವಿಷಾನಿಲ ಏಳುತ್ತದೆ. ಬಸಿದ ನೀರಿಗೆ ಗುಳ್ಳೆ ನಿಲ್ಲುವತನಕ ಸೋಡಾ ಬೆರೆಸಿ, ಬಾವಿಗೂ ದನದ ತೊಟ್ಟಿಗೂ ದೂರದ ಗುಂಡಿಗೆ ಸುರಿಯಿರಿ.

ಇಂಜಿನ್ ಚಾಲೂ ಮಾಡುವ ಮುನ್ನ ಆಯಿಲ್ ನೋಡಿರಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಇಳಿದಿದೆ ಎಂದು ತಿಳಿದು ಮೆಕ್ಯಾನಿಕ್ಕನನ್ನು ಕರೆಯಿರಿ.

ಬಾವಿಯ ನೀರಿನ ಗುಣವನ್ನು ನಾವು ಬದಲಿಸಲಾರೆವು. ಆದರೆ ಹಂಗಾಮಿಗೆ ಮೊದಲೇ ಒಂದು ದಿನ ಈ ಕೆಲಸಕ್ಕೆ ಕೊಟ್ಟರೆ, ಬೆಳೆಗೆ ನೀರು ಬೇಕಾದ ದಿನ ಇಂಜಿನ್ ಕೈಕೊಡುವುದಿಲ್ಲ.